ಯುದ್ಧ ಕಾಣದ ಕೋಟೆ

ನನ್ನಿವಾಳದ ಕಡೆಯವರಿಗೆ ಕೋಟೆ ಅಂದರೆ ಚಿತ್ರದುರ್ಗ. ಅಲ್ಲಿನ ಏಳು ಸುತ್ತಿನ ಕೋಟೆಯಲ್ಲಿ ಪ್ರತಿ ಕಲ್ಲಿಗೂ ಒಂದು ಕೆಲಸವಿದೆ. ಶತ್ರುವಿನ ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದೆಂದು ದಾರಿ ಸುತ್ತಿ ತಿರುಗುತ್ತದೆ. ಗೋಡೆಯ ಮೇಲಿನ ತೆನೆಗಳು ಇರುವುದು ಅಂದಕ್ಕಲ್ಲ, ಹಿಂದೆ ನಿಂತವನ ತಲೆ ಕಾಯಲು. ಆ ಕೋಟೆ ನೋಡಿದ ಕಣ್ಣಲ್ಲೇ ಬೆಂಗಳೂರು ಅರಮನೆಯನ್ನು ನೋಡಿದರೆ ಒಂದು ಅನುಮಾನ ಮೂಡುತ್ತದೆ. ಇಲ್ಲಿಯೂ ಬುರುಜುಗಳಿವೆ, ತೆನೆಗಳಿವೆ. ಆದರೆ ಕಂದಕವಿಲ್ಲ. ಗೋಡೆಯ ತುಂಬ ಗಾಜಿನ ಕಿಟಕಿಗಳು. ಹಾಗಾದರೆ ಇದು ಯಾವ ಶತ್ರುವಿಗಾಗಿ ಕಟ್ಟಿದ ಕೋಟೆ?

ಈ ಅರಮನೆಯ ಬಗ್ಗೆ ಒಂದು ಕತೆ ಚಾಲ್ತಿಯಲ್ಲಿದೆ. ಪಾದ್ರಿ ಜಾನ್ ಗ್ಯಾರೆಟ್ ಇಂಗ್ಲೆಂಡಿನ ವಿಂಡ್ಸರ್ ಕೋಟೆಯನ್ನು ನೋಡಿ 1862ರಲ್ಲಿ ಇದನ್ನು ಕಟ್ಟಿಸಿದರು ಎಂಬುದು ಆ ಕತೆ. ಗ್ಯಾರೆಟ್ ಸಾಮಾನ್ಯರಲ್ಲ. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಶಾಲೆಯ ಮೊದಲ ಪ್ರಿನ್ಸಿಪಾಲರು. 1849ರಲ್ಲೇ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು. ಆದರೆ ಅರಮನೆಯ ಲೆಕ್ಕವೇ ಬೇರೆ. ಗ್ಯಾರೆಟ್ ಅವರ ಆಸ್ತಿಯನ್ನು ಮೈಸೂರಿನ ಬಾಲರಾಜನ ಹೆಸರಿನಲ್ಲಿ ಕೊಂಡದ್ದು 1873ರಲ್ಲಿ, 40,000 ರೂಪಾಯಿಗೆ. ಅರಮನೆಯ ಕೆಲಸ ಶುರುವಾದದ್ದು 1874ರಲ್ಲಿ, ಮುಗಿದದ್ದು 1878ರಲ್ಲಿ.

ಆ ಬಾಲರಾಜ ಚಾಮರಾಜೇಂದ್ರ ಒಡೆಯರ್. ಹುಟ್ಟಿದ್ದು 1863ರಲ್ಲಿ. ಮುಮ್ಮಡಿ ಕೃಷ್ಣರಾಜರು ದತ್ತು ತೆಗೆದುಕೊಂಡ ಈ ಮಗು 1868ರಲ್ಲಿ, ಐದು ವರ್ಷಕ್ಕೇ ಗಾದಿಗೆ ಬಂತು. ಗಾದಿ ಇತ್ತು, ರಾಜ್ಯವಿರಲಿಲ್ಲ. 1831ರಿಂದಲೂ ಮೈಸೂರನ್ನು ಆಳುತ್ತಿದ್ದವರು ಬೆಂಗಳೂರಿನಲ್ಲಿ ಕೂತ ಬ್ರಿಟಿಷ್ ಕಮಿಷನರುಗಳು. ಹುಡುಗನಿಗೆ ಪಾಲಕರಾಗಿ ಬಂದವರು ಕರ್ನಲ್ ಮ್ಯಾಲೆಸನ್. ಮುಂದೆ 1857ರ ದಂಗೆಯ ಇತಿಹಾಸ ಬರೆದು ಹೆಸರಾದವರು ಇವರೇ. ಹುಡುಗನ ವಿದ್ಯಾಭ್ಯಾಸ, ಖರ್ಚುವೆಚ್ಚ ಎಲ್ಲ ಬ್ರಿಟಿಷ್ ಪಾಲಕರ ಸುಪರ್ದಿಯಲ್ಲಿತ್ತು. ಅರಮನೆಗೆ ಜಾಗ ಕೊಂಡ ದುಡ್ಡು ಹುಡುಗನ ಸ್ವಂತದ್ದು. ಆಯ್ಕೆ ಮಾತ್ರ ಪಾಲಕರದು. ಅವರು ಆರಿಸಿದ್ದು ಟ್ಯೂಡರ್ ಶೈಲಿಯನ್ನು, ಅಂದರೆ ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡ ಜಮೀನ್ದಾರರ ಮನೆಗಳ ಶೈಲಿಯನ್ನು.

ಸ್ವಾರಸ್ಯವೆಂದರೆ ಇಂಗ್ಲೆಂಡಿನಲ್ಲೂ ಆ ಶೈಲಿಯ ತೆನೆಗಳು ಯುದ್ಧಕ್ಕೆಂದು ಬಂದವಲ್ಲ. ಮಧ್ಯಯುಗದಲ್ಲಿ ಅಲ್ಲಿನ ಪಾಳೆಯಗಾರ ತನ್ನ ಮನೆಗೆ ತೆನೆ ಕಟ್ಟಲು ದೊರೆಯಿಂದ ಪರವಾನಗಿ ಪಡೆಯುವ ಪದ್ಧತಿಯಿತ್ತು. ತೆನೆ ಅಂದರೆ ಬಲ, ಬಲ ಅಂದರೆ ಬಂಡಾಯದ ಭಯ. 1485ರಿಂದ 1603ರವರೆಗೆ ಆಳಿದ ಟ್ಯೂಡರ್ ದೊರೆಗಳ ಕಾಲಕ್ಕೆ ಫಿರಂಗಿ ಬಂದಿತ್ತು, ಸಿರಿವಂತರ ಸ್ವಂತ ಸೈನ್ಯ ಕರಗುತ್ತಿತ್ತು. ತೆನೆ ಉಳಿದದ್ದು ಅಂತಸ್ತಿನ ಗುರುತಾಗಿ ಮಾತ್ರ. ಗೋಡೆಗಳಲ್ಲಿ ಕಿಟಕಿಗಳು ಅಗಲವಾದವು. ವಿಂಡ್ಸರ್ ಕೂಡ ಇದಕ್ಕೆ ಹೊರತಲ್ಲ. ಅದು 11ನೇ ಶತಮಾನದ ನಿಜವಾದ ಕೋಟೆ, ನಿಜ. ಆದರೆ ಇಂದು ದೂರದಿಂದ ಕಾಣುವ ಅದರ ರೂಪವನ್ನು ಬಹುಮಟ್ಟಿಗೆ ತಿದ್ದಿದವನು 1820ರ ದಶಕದಲ್ಲಿ ನಾಲ್ಕನೇ ಜಾರ್ಜ್‌ನ ವಾಸ್ತುಶಿಲ್ಪಿ ವ್ಯಾಟ್‌ವಿಲ್. ಅಲ್ಲಿನ ದುಂಡು ಬುರುಜನ್ನು ಎತ್ತರಿಸಿದವನೂ ಅವನೇ. ಬೆಂಗಳೂರು ಅರಮನೆ ವಿಂಡ್ಸರಿನ ನಕಲು ಅನ್ನುವುದಾದರೆ, ಅದು ಅಲಂಕಾರದ ಅಲಂಕಾರ.

ಹೀಗೆ ನೋಡಿದರೆ ಮೊದಲಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಇದು ಶತ್ರುವಿಗಾಗಿ ಕಟ್ಟಿದ ಕೋಟೆಯಲ್ಲ. ಕೈಯಲ್ಲಿ ರಾಜ್ಯವಿಲ್ಲದ ಹುಡುಗನಿಗೆ, ಮುಂದೆ ಎಂಥ ರಾಜನಾಗಬೇಕೆಂದು ಕಲಿಸಲು ಕಟ್ಟಿದ ಪಾಠಶಾಲೆ. ಚಿತ್ರದುರ್ಗದ ಕೋಟೆಯನ್ನು ಗೆಲ್ಲಲು ಹೈದರಾಲಿ ಮತ್ತೆ ಮತ್ತೆ ದಂಡೆತ್ತಿ ಬರಬೇಕಾಯಿತು. ಅದು ಕೈವಶವಾದದ್ದು 1779ರಲ್ಲಿ. ಬೆಂಗಳೂರಿನ ಈ ಕೋಟೆಯನ್ನು ಯಾರೂ ಗೆಲ್ಲಬೇಕಾಗಿರಲಿಲ್ಲ. ಗೆದ್ದವರೇ ಅದನ್ನು ಕಟ್ಟಿಸಿದ್ದರು. ರಾಜ್ಯ ಚಾಮರಾಜೇಂದ್ರರ ಕೈಗೆ ಮರಳಿದ್ದು 1881ರಲ್ಲಿ, ಅರಮನೆ ಮುಗಿದ ಮೂರು ವರ್ಷಕ್ಕೆ.

ಆದರೆ ಮನೆ ಪೂರ್ತಿಯಾಗಿ ಪಾಲಕರ ಮಾತು ಕೇಳಲಿಲ್ಲ. ಒಳಗೆ ಹೋದರೆ ಆಕಾಶಕ್ಕೆ ತೆರೆದ ಅಂಗಳವೊಂದು ಸಿಗುತ್ತದೆ. ನೀಲಿ ಹೆಂಚಿನ ಬಿಲ್ಲೆ ಹೊದಿಸಿದ ಕಲ್ಲಿನ ಆಸನಗಳಿರುವ ಆ ಜಾಗ ನಮ್ಮ ತೊಟ್ಟಿಮನೆಯನ್ನೇ ನೆನಪಿಸುತ್ತದೆ. ಮೇಲಿನ ದರ್ಬಾರು ಹಾಲಿನಲ್ಲಿ ಹೆಂಗಸರು ಮರೆಯಲ್ಲಿ ಕೂತು ಸಭೆ ನೋಡಲು ಪರದೆಯಿತ್ತು. ಹೊರಗೆ ಇಂಗ್ಲೆಂಡು, ಒಳಗೆ ಮೈಸೂರು.

ಈಗ ಆ ಅರಮನೆಯ ಜಗಳ ಬೇರೆಯದು. ಸುಮಾರು 472 ಎಕರೆಯ ಆಸ್ತಿಯನ್ನು ವಶಪಡಿಸಿಕೊಳ್ಳಲು ಸರ್ಕಾರ 1996ರಲ್ಲಿ ಕಾಯ್ದೆ ಮಾಡಿತು, ರಾಜಮನೆತನ ಕೋರ್ಟಿಗೆ ಹೋಯಿತು. ಸುತ್ತಲ ಮೈದಾನದಲ್ಲಿ ಮದುವೆ, ಸಂಗೀತ ಕಛೇರಿ ನಡೆಯುತ್ತವೆ. ನೋಡಲು ಬಂದವರು ಬುರುಜಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನೀವು ಹೋದಾಗ ಒಳಗಿನ ಅಂಗಳಕ್ಕೂ ಹೋಗಿ ಒಂದು ಗಳಿಗೆ ನಿಂತು ಬನ್ನಿ. ಬೇರೆಯವರು ಆರಿಸಿದ ಮನೆಯಲ್ಲಿ ಬೆಳೆದ ಹುಡುಗನಿಗೆ ಪರಿಚಯದ ಆಕಾಶ ಕಾಣುತ್ತಿದ್ದದ್ದು ಬಹುಶಃ ಅಲ್ಲಿಂದಲೇ.