ಮಾ ಹ್ವಾಂಗ್ ಮತ್ತು ನಮ್ಮ ಬೇಲಿಯ ಆಡುಸೋಗೆ

ನ್ಯಾಮತಿಯಲ್ಲಿರುವ ನನ್ನ ತಂಗಿಯ ಮಗಳು ಕಳೆದ ತಿಂಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ಅವಳ ಮಗನಿಗೆ ಆರು ವರ್ಷ; ಉಬ್ಬಸದ ತೊಂದರೆ. ವೈದ್ಯರು ಇನ್‌ಹೇಲರ್ ಬರೆದುಕೊಟ್ಟಿದ್ದಾರೆ. “ಮಾವ, ಚೀನಾದ ಗಿಡಮೂಲಿಕೆ ಪುಡಿಯಂತೆ, ಎರಡು ಸಾವಿರ ವರ್ಷದ್ದಂತೆ, ಅಡ್ಡಪರಿಣಾಮ ಏನೂ ಇಲ್ಲವಂತೆ. ಇನ್‌ಹೇಲರ್ ಬಿಡಿಸಿ ಅದನ್ನೇ ಕೊಡ್ಲಾ?” ಎಂದಳು. ಇನ್‌ಹೇಲರ್ ನಿಲ್ಲಿಸಬೇಡ ಎಂದಷ್ಟೇ ಆಗ ಹೇಳಿದೆ. ಅದರ ಹಿಂದಿನ ಕಥೆ ದೊಡ್ಡದು. ನಮ್ಮ ಬಳಗದಲ್ಲಿ ಉಬ್ಬಸದವರು ಹಲವರಿರುವುದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ.

ಚೀನಾದ ಔಷಧವೆಂದರೆ ಮೂಗು ಮುರಿಯಬೇಕಾದ ಕಾರಣವಿಲ್ಲ. ‘ಮಾ ಹ್ವಾಂಗ್’ ಎಂಬ ಅವರ ಗಿಡವು ನೋಡಲು ನಮ್ಮ ಸರ್ವೆ ಮರದ ಎಳೆ ಕಡ್ಡಿಗಳಂತೆ ಗೆಣ್ಣುಗೆಣ್ಣಾಗಿ, ಎಲೆಯೇ ಇಲ್ಲದಂತೆ ಕಾಣುತ್ತದೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಎಫೆಡ್ರ ಎಂದು ಹೆಸರು. ಸುಮಾರು 1800 ವರ್ಷಗಳ ಹಿಂದೆ ಜಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯನು ಬರೆದಿಟ್ಟ ಒಂದು ಕಷಾಯದಲ್ಲಿ ನಾಲ್ಕೇ ವಸ್ತುಗಳು: ಮಾ ಹ್ವಾಂಗ್, ದಾಲ್ಚಿನ್ನಿ ಜಾತಿಯ ಮರದ ಎಳೆ ಕಡ್ಡಿ, ಏಪ್ರಿಕಾಟ್ ಹಣ್ಣಿನ ಬೀಜದ ತಿರುಳು, ಜ್ಯೇಷ್ಠಮಧು. ಕೊನೆಯದು ನಮ್ಮ ಗ್ರಂದಿಗೆ ಅಂಗಡಿಯಲ್ಲಿಯೂ ಸಿಗುವಂಥದ್ದು. ಚಳಿ, ಜ್ವರ, ಏದುಸಿರಿಗೆ ಅವರು ಇದನ್ನು ಕುಡಿಸುತ್ತಿದ್ದರು.

1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಎಂಬ ರಸಾಯನಶಾಸ್ತ್ರಜ್ಞನು ಈ ಗಿಡದ ಸತ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದನು. ಅದೇ ಎಫೆಡ್ರಿನ್. ಬಹುಕಾಲ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. 1924ರಲ್ಲಿ ಪೀಕಿಂಗ್ ಯೂನಿಯನ್ ವೈದ್ಯಕೀಯ ಕಾಲೇಜಿನ ಚೆನ್ ಕೆಹ್ವಿ ಮತ್ತು ಕಾರ್ಲ್ ಶ್ಮಿಟ್ ಎಂಬಿಬ್ಬರು ಅದರ ಗುಣವನ್ನು ಜಗತ್ತಿಗೆ ತಿಳಿಸಿದರು. ಅಲ್ಲಿಯವರೆಗೆ ಉಬ್ಬಸಕ್ಕೆ ಇದ್ದ ಅಡ್ರಿನಲಿನ್ನನ್ನು ಸೂಜಿಯಿಂದಲೇ ಚುಚ್ಚಬೇಕಿತ್ತು. ಎಫೆಡ್ರಿನ್ನನ್ನು ಬಾಯಿಯಿಂದ ನುಂಗಬಹುದಾಗಿತ್ತು, ಪರಿಣಾಮವೂ ಹೆಚ್ಚು ಹೊತ್ತು ಇರುತ್ತಿತ್ತು. 1920ರ ದಶಕದ ಕೊನೆಗೆ ಕಲ್ಕತ್ತೆಯಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರು ಹಿಮಾಲಯದ ಒಣ ಕಣಿವೆಗಳಲ್ಲಿ ಬೆಳೆಯುವ ನಮ್ಮ ದೇಶದ ಎಫೆಡ್ರವನ್ನೂ ಅಭ್ಯಸಿಸಿದರು.

ಹೀಗೆ ಚೀನಾದ ಕಷಾಯವು ಬಿಳಿಯ ಮಾತ್ರೆಯಾಗಿ ಚನ್ನಗಿರಿಯ ನಮ್ಮ ಮನೆಯನ್ನೂ ತಲುಪಿತ್ತು. ನಮ್ಮ ತಂದೆಯವರು ಎಫೆಡ್ರಿನ್ ಸೇರಿದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರು. ಉಸಿರು ಸಡಿಲವಾಗುತ್ತಿತ್ತು, ಆದರೆ ಎದೆ ಡವಡವ ಎನ್ನುತ್ತಿತ್ತು, ರಾತ್ರಿಯೆಲ್ಲ ನಿದ್ರೆಯಿಲ್ಲದೆ ಜಗುಲಿಯಲ್ಲಿ ಕುಳಿತಿರುತ್ತಿದ್ದರು. ಎರಡು ಸಾವಿರ ವರ್ಷದ ಗಿಡಕ್ಕೆ ಅಡ್ಡಪರಿಣಾಮವಿಲ್ಲ ಎನ್ನುವವರಿಗೆ ನಾನು ಆ ಜಗುಲಿಯನ್ನು ತೋರಿಸಬಲ್ಲೆ. ಎಫೆಡ್ರವನ್ನು ಪೌಷ್ಟಿಕ ಪುಡಿ, ಗುಳಿಗೆಗಳಲ್ಲಿ ಮಾರುವುದನ್ನು ಅಮೆರಿಕ ಸರ್ಕಾರವು 2004ರಲ್ಲಿ ನಿಷೇಧಿಸಿದ್ದು, ಅದರಿಂದ ಹೃದಯಾಘಾತ, ಪಾರ್ಶ್ವವಾಯುಗಳ ಭಯವಿದೆಯೆಂಬ ಕಾರಣಕ್ಕೆ. 1969ರ ಹೊತ್ತಿಗೆ ಸಾಲ್ಬುಟಮಾಲ್ ಬಂದ ಮೇಲೆ ಉಬ್ಬಸಕ್ಕೆ ಎಫೆಡ್ರಿನ್ ಕ್ರಮೇಣ ಹಿಂದೆ ಸರಿಯಿತು.

ನಮ್ಮ ನಾಡಿನ ಗಿಡಗಳ ಕಥೆಯೂ ಇದಕ್ಕಿಂತ ಕಡಿಮೆಯದಲ್ಲ. ತಿಪ್ಪೆಯ ಪಕ್ಕದಲ್ಲಿ ಬೆಳೆಯುವ ಉಮ್ಮತ್ತಿಯ ಹೊಗೆಯನ್ನು ಉಬ್ಬಸಕ್ಕೆ ಸೇದುವ ಪದ್ಧತಿಯನ್ನು ಮದರಾಸಿನ ವೈದ್ಯಾಧಿಕಾರಿ ಡಾ. ಜೇಮ್ಸ್ ಆಂಡರ್ಸನ್ ಅವರಿಂದ ತಿಳಿದ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಇಂಗ್ಲೆಂಡಿಗೆ ಒಯ್ದನು. ಮುಂದೆ ಉಮ್ಮತ್ತಿಯ ಬಳಗದ ಗಿಡಗಳ ಸತ್ವವಾದ ಅಟ್ರೋಪಿನ್ನಿನಿಂದಲೇ ಇಪ್ರಾಟ್ರೋಪಿಯಂ ಎಂಬ ಇಂದಿನ ಇನ್‌ಹೇಲರ್ ಔಷಧ ಹುಟ್ಟಿತು. ಆದರೆ ಉಮ್ಮತ್ತಿಯೇ ಘೋರ ವಿಷ. ಮನೆಯಲ್ಲಿ ಯಾರೂ ಪ್ರಯೋಗ ಮಾಡತಕ್ಕದ್ದಲ್ಲ.

ಹೊನ್ನಾಳಿಯ ಕಡೆ ಹೊಲದ ಬೇಲಿಗೆ ಹಾಕುತ್ತಿದ್ದ ಆಡುಸೋಗೆ ನಿಮಗೆ ನೆನಪಿರಬಹುದು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ನಮ್ಮ ಜನರೇ ಅದಕ್ಕೆ ಆಡುಮುಟ್ಟದ ಸೊಪ್ಪು ಎಂದೂ ಹೆಸರಿಟ್ಟಿದ್ದಾರೆ! ಅದರ ಸತ್ವ ವ್ಯಾಸಿಸಿನ್. ಅದನ್ನು ಮಾದರಿಯಾಗಿಟ್ಟುಕೊಂಡು 1960ರ ದಶಕದಲ್ಲಿ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ತಯಾರಾಯಿತು. ಆಡುಮುಟ್ಟದ ಬಳ್ಳಿಯೆಂಬುದು ಬೇರೆ. ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ಡಾ. ಶಿವಪುರಿ ಅವರು 1960ರ ದಶಕದ ಕೊನೆಯಲ್ಲಿ ರೋಗಿಗಳಿಗೆ ದಿನಕ್ಕೊಂದರಂತೆ 6 ದಿನ ಅದರ ಎಲೆಯನ್ನು ಅಗಿಯಲು ಕೊಟ್ಟು ಪರೀಕ್ಷಿಸಿದರು. ಹಲವರಿಗೆ ಗುಣ ಕಂಡಿತು. ಬಾಯಿ ಹುಣ್ಣು, ವಾಂತಿಯೂ ಆಯಿತು. 1979ರ ಇನ್ನೊಂದು ಪರೀಕ್ಷೆಯಲ್ಲಿ ಹುಸಿ ಔಷಧಕ್ಕೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಇಂಥ ಪರೀಕ್ಷೆಗೆ ಒಡ್ಡಿಕೊಂಡ ಔಷಧವನ್ನು, ಸೋತರೂ ನಾನು ಗೌರವಿಸುತ್ತೇನೆ.

ನಾನು ಜಗಳೂರಿನಲ್ಲಿದ್ದಾಗ ಮೃಗಶಿರಾ ಮಳೆ ಹುಟ್ಟುವ ದಿನ ಉಬ್ಬಸದವರು ಕೊಪ್ಪಳದ ಬಳಿಯ ಕುಟಗನಹಳ್ಳಿಗೆ ಔಷಧಕ್ಕಾಗಿ ಹೊರಡುತ್ತಿದ್ದರು. ಉಳ್ಳವರು ಹೈದರಾಬಾದಿನ ಮೀನಿನ ಔಷಧಕ್ಕೂ ಹೋಗುತ್ತಿದ್ದರು. ಅವರ ನಂಬಿಕೆಯನ್ನು ನಾನು ಹಂಗಿಸುವುದಿಲ್ಲ. ಉಸಿರು ಕಟ್ಟಿದವನ ಸಂಕಟ ಕಟ್ಟದವನಿಗೆ ತಿಳಿಯದು.

ನನಗೆ ಭಯವಿರುವುದು ಹೆಸರಿಲ್ಲದ ಪುಡಿಗಳ ಬಗ್ಗೆ. 1970ರ ದಶಕದಲ್ಲಿ, ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನ ಹೋಬಳಿಯಾಗಿದ್ದಾಗ, ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಸಂತೆಗೆ ಬರುತ್ತಿದ್ದ ಒಬ್ಬ ವ್ಯಾಪಾರಿಯಿಂದ ಅವನ ತಂದೆ ಪೊಟ್ಟಣ ಕೊಳ್ಳುತ್ತಿದ್ದರು. ಎರಡೇ ವಾರಕ್ಕೆ ಉಬ್ಬಸ ಮಾಯ! ಹುಡುಗನಿಗೆ ವಿಪರೀತ ಹಸಿವು. ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಗಾಯಿತು. ಮೈ ತುಂಬಿಕೊಂಡ ಎಂದು ಮನೆಯವರು ಹಿಗ್ಗಿದರು. ಮಳೆಗಾಲದಲ್ಲಿ ವ್ಯಾಪಾರಿ ಬರುವುದು ನಿಂತಿತು. ಪುಡಿ ಮುಗಿದ ಕೆಲವೇ ದಿನಕ್ಕೆ ಹುಡುಗ ತುಟಿ ನೀಲಿಗಟ್ಟಿ ಬಿದ್ದ. ಅಕ್ಕಿ ಮೂಟೆಯ ಲಾರಿಯಲ್ಲಿ ಮಲಗಿಸಿ ಶಿವಮೊಗ್ಗಕ್ಕೆ ಒಯ್ದೆವು. ಮೂರು ದಿನ ಆಮ್ಲಜನಕದ ಮೇಲಿದ್ದು ಬದುಕಿದ.

ಆ ಪುಡಿಯನ್ನು ಯಾರೂ ಪರೀಕ್ಷಿಸಲಿಲ್ಲ. ಆದರೆ ವೈದ್ಯನಾದ ನನ್ನ ಶಿಷ್ಯನೊಬ್ಬ ಈ ಲಕ್ಷಣಗಳನ್ನೆಲ್ಲ ಕೇಳಿದೊಡನೆ “ಸ್ಟೀರಾಯ್ಡ್ ಬೆರೆಸಿದ್ದಾರೆ ಮೇಷ್ಟ್ರೇ” ಎಂದ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ದೇಹವು ತಾನು ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಥಟ್ಟನೆ ನಿಲ್ಲಿಸಿದರೆ ಕೈಕೊಡುತ್ತದೆ. ಚೀನಾದ್ದೆಂದೂ ನಾಟಿಯೆಂದೂ ಮಾರಿದ ಮೂಲಿಕೆ ಪುಡಿಗಳಲ್ಲಿ ಹೀಗೆ ಸ್ಟೀರಾಯ್ಡ್ ಪತ್ತೆಯಾದ ವರದಿಗಳು ಹಲವು ದೇಶಗಳಿಂದ ಬಂದಿವೆ.

ಇನ್‌ಹೇಲರಿನಲ್ಲಿಯೂ ಸ್ಟೀರಾಯ್ಡ್ ಇರುತ್ತದಲ್ಲ ಎಂದು ತಂಗಿಯ ಮಗಳು ಕೇಳಿದಳು. ಇರುತ್ತದೆ, 1972ರಿಂದ ಬಳಕೆಯಲ್ಲಿದೆ. ಹಳೆಯ ಲೆಕ್ಕದ ಮೇಷ್ಟರಾಗಿ ಹೇಳುತ್ತೇನೆ: ಒಂದು ಮಿಲಿಗ್ರಾಮಿಗೆ 1000 ಮೈಕ್ರೋಗ್ರಾಮ್. ಮಕ್ಕಳ ಇನ್‌ಹೇಲರಿನ ಒಂದು ಸೇದಿಕೆಯಲ್ಲಿ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಮ್ ಇರುತ್ತದೆ. ಮಾತ್ರೆಯಲ್ಲಿ 5 ಅಥವಾ 10 ಮಿಲಿಗ್ರಾಮ್. ಒಂದು ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ, ಇನ್ನೊಂದು ಮೈಯೆಲ್ಲ ಸುತ್ತುತ್ತದೆ. ಪೊಟ್ಟಣದ ಪುಡಿಯಲ್ಲಿ ಎಷ್ಟಿದೆಯೆಂದು ಮಾರುವವನಿಗೂ ತಿಳಿದಿರಲಾರದು.

ಅಂದಿನ ಆ ಹುಡುಗ ಈಗ ಅರವತ್ತು ದಾಟಿದ್ದಾನೆ. ಈ ಪುಟಗಳನ್ನು ಓದುತ್ತಾನೆ. ಅವನ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಚನ್ನಗಿರಿ ಸೀಮೆಯಲ್ಲಿ ತೋಟ ಮಾಡಿದ್ದರೂ ಅಡಿಕೆಯನ್ನು ಬಾಯಿಗೆ ಹಾಕುವುದಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವವು ಕೆಲವು ಉಬ್ಬಸದವರ ಶ್ವಾಸನಾಳವನ್ನು ಬಿಗಿಸುತ್ತದೆಂದು 1992ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅವನು ಮಾತ್ರ ಅದನ್ನು ಓದಿ ಬಿಟ್ಟವನಲ್ಲ. ಮದುವೆಯೊಂದರಲ್ಲಿ ತಾಂಬೂಲ ಮೆದ್ದ ರಾತ್ರಿ ತಾನೇ ಕಂಡುಕೊಂಡನಂತೆ.