ಬೀಳಗಿಯ ದನಿ, ಹುಲಿಗಿಯ ಕಿವಿ

ಹುಣ್ಣಿಮೆಗೆ ಹುಲಿಗಿಗೆ ಹೋದವರಿಗೆ ಅಲ್ಲಿನ ಗದ್ದಲ ಗೊತ್ತು. ಮುನಿರಾಬಾದ್ ಸ್ಟೇಷನ್ನಿನಲ್ಲಿ ಇಳಿದು ಬರುವ ಜನ, ಚೌಡಿಕೆ ಹಿಡಿದ ಜೋಗತಿಯರು, ಬಳೆ ಅಂಗಡಿಗಳು. ಈ ಗದ್ದಲದ ಪಕ್ಕದ ಓಣಿಯಲ್ಲಿ, ನನ್ನ ಬಾಲ್ಯದ ಬೆಳಗುಗಳಲ್ಲಿ, ಏಳೂವರೆಗೆ ರೇಡಿಯೋ ಸಿಲೋನ್ ಹಳೆಯ ಸಿನಿಮಾ ಹಾಡುಗಳನ್ನು ಹಾಕುತ್ತಿತ್ತು. ಕೊನೆಗೆ ಸೈಗಲ್ ಬರುವುದು ನೇಮ. ನನ್ನ ದಾದಿಮಾ ಸೈಗಲ್ಲನಿಗಾಗಿ ಕಾಯುತ್ತಿರಲಿಲ್ಲ. ಆಕೆ ಕಾಯುತ್ತಿದ್ದುದು ಅಮೀರ್‌ಬಾಯಿ ಕರ್ನಾಟಕಿಗೆ.

1943ರ 'ಕಿಸ್ಮತ್' ಚಿತ್ರದಲ್ಲಿ ಅಮೀರ್‌ಬಾಯಿ ಹಾಡಿದ ದೀಪಾವಳಿಯ ಹಾಡೊಂದಿದೆ. ಎಲ್ಲರ ಮನೆಯಲ್ಲೂ ದೀಪ, ನನ್ನ ಮನೆಯೊಂದೇ ಕತ್ತಲು ಎನ್ನುವ ಹೆಣ್ಣಿನ ಅಳಲು. ಪ್ರದೀಪರ ಸಾಹಿತ್ಯ, ಅನಿಲ್ ಬಿಸ್ವಾಸರ ಸಂಗೀತ. ಕಲ್ಕತ್ತೆಯ ರಾಕ್ಸಿಯಲ್ಲಿ ಮೂರು ವರ್ಷಕ್ಕೂ ಮೀರಿ ಓಡಿದ ಚಿತ್ರ ಅದು. ದಾದಿಮಾ ಅದನ್ನು ನೋಡಿರಲಿಲ್ಲ. ಆಣೆಕಟ್ಟಿನ ಕೆಲಸಕ್ಕೆ ಬಂದ ಮೇಸ್ತ್ರಿಯೊಬ್ಬರ ಮನೆಯ ಗ್ರಾಮೊಫೋನಿನಲ್ಲಿ ಹಾಡು ಕೇಳಿದ್ದಳು, ಅಷ್ಟೆ.

ತುಂಗಭದ್ರೆಗೆ ಅಡ್ಡಲಾಗಿ ಕಟ್ಟುವ ಕೆಲಸ 1945ರಲ್ಲಿ ಶುರುವಾಯಿತು. ಈಚೆ ದಂಡೆ ನಿಜಾಮರದು, ಆಚೆಯ ಹೊಸಪೇಟೆ ಮದ್ರಾಸಿನದು. 1953ರಲ್ಲಿ ನೀರು ನಿಂತಾಗ ಸುಮಾರು 90 ಹಳ್ಳಿಗಳು ಅದರಡಿ ಹೋದವು. ಅವುಗಳಲ್ಲಿ ಒಂದು ದಾದಿಮಾಳ ತವರು. ಮನೆಯ ತೊಲೆ, ಬಾಗಿಲು ಬಿಚ್ಚಿ ಗಾಡಿಗೆ ಹೇರಿದರಂತೆ. ಮಸೀದಿಯ ಕಲ್ಲು ಮಾತ್ರ ಯಾರೂ ಮುಟ್ಟಲಿಲ್ಲವಂತೆ. ಆ ವರ್ಷ ದೀಪಾವಳಿಗೆ ಸುತ್ತಲ ಊರುಗಳಲ್ಲಿ ದೀಪ ಹಚ್ಚಿದ್ದನ್ನು ನೋಡಿ ತನಗೆ ಆ ಹಾಡು ನೆನಪಾಯಿತೆಂದು ಆಕೆ ಹೇಳುತ್ತಿದ್ದಳು. ಸಿನಿಮಾದ ಕಥೆ ಬೇರೆಯೇ. ಆದರೆ ಹಾಡು ಕೇಳುವವರು ಕಥೆಯ ಅಪ್ಪಣೆ ಕೇಳುವುದಿಲ್ಲವಲ್ಲ!

ಪಕ್ಕದ ಮನೆಯಲ್ಲಿ ವಯಸ್ಸಾದ ಜೋಗತಿಯೊಬ್ಬಳಿದ್ದಳು. ಅದೇ ಚಿತ್ರದ ಕೃಷ್ಣನ ಹಾಡು ಬಂದರೆ ಹೊಸ್ತಿಲಲ್ಲಿ ಬಂದು ಕೂರುತ್ತಿದ್ದಳು. "ಈಕಿ ನಮ್ಮ ಕಡ್ಯಾಕಿ ಅದಾಳ ಬೂಬವ್ವ. ಆ ಗಂಟಲಾ ನೋಡು, ಥೇಟ್ ನಮ್ಮ ಪದದ ಗಂಟಲಾ." ದಾದಿಮಾ ಒಪ್ಪುತ್ತಿರಲಿಲ್ಲ. "ಬೊಂಬಾಯಾಗ ನಮ್ಮ ಕಡಿಯವ್ರನ್ನ ಯಾರ್ ಕೇಳ್ತಾರ ಯವ್ವಾ? ಕರ್ನಾಟಕಿ ಅಂದ್ರ ಅಡ್ಡಹೆಸರು ಇರಬೇಕು."

ಗೆದ್ದದ್ದು ಜೋಗತಿ. ಅಮೀರ್‌ಬಾಯಿ ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯವರು. ರಂಗಭೂಮಿಯ ಮನೆತನ. ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ಜೊತೆ ಹಾಡಿ ಹೆಸರಾದವರು. ಇದನ್ನೆಲ್ಲ ನಾನು ತಿಳಿದದ್ದು ಬಹಳ ತಡವಾಗಿ, ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಬಗ್ಗೆ ಪುಸ್ತಕ ಬರೆದ ಮೇಲೆ. ಅಷ್ಟರಲ್ಲಿ ಆ ಇಬ್ಬರು ಮುದುಕಿಯರೂ ಇರಲಿಲ್ಲ.

ದಾದಿಮಾಳ ತಪ್ಪೂ ದೊಡ್ಡದಲ್ಲ. 'ಕಿಸ್ಮತ್' ಬಂದಾಗ ಕರ್ನಾಟಕ ಎಂಬ ರಾಜ್ಯವೇ ನಕಾಶೆಯಲ್ಲಿರಲಿಲ್ಲ. ಬೀಳಗಿ ಮುಂಬೈ ಪ್ರಾಂತದಲ್ಲಿ, ಹುಲಿಗಿ ಹೈದರಾಬಾದ್ ಸಂಸ್ಥಾನದಲ್ಲಿ. ಎರಡೂ ಒಂದೇ ರಾಜ್ಯದೊಳಗೆ ಬಂದದ್ದು 1956ರಲ್ಲಿ, ಅದೂ ಮೈಸೂರು ಎಂಬ ಹೆಸರಿನಡಿ. ಕರ್ನಾಟಕವೆಂಬ ಹೆಸರು ಸಿಕ್ಕಿದ್ದು 1973ರಲ್ಲಿ. ಬೀಳಗಿಯ ಮುಸ್ಲಿಂ ಹೆಂಗಸೊಬ್ಬಳು ಅದಕ್ಕೆ 30 ವರ್ಷ ಮೊದಲೇ ಆ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡು ದೇಶವಿಡೀ ಹಾಡುತ್ತಿದ್ದಳು. ಏಕೀಕರಣದ ನಮ್ಮ ಚರಿತ್ರೆ ಪುಸ್ತಕಗಳು ಆಕೆಯನ್ನು ಎಲ್ಲಿಟ್ಟಿವೆಯೋ, ನಾನಂತೂ ಶಾಲೆಯಲ್ಲಿ ಓದಲಿಲ್ಲ.

1949ರ ನಂತರ ಲತಾ ಯುಗ. ಅಮೀರ್‌ಬಾಯಿಗೆ ಹಿಂದಿಯಲ್ಲಿ ಅವಕಾಶ ಕಡಿಮೆಯಾಯಿತು. 1965ರಲ್ಲಿ ತೀರಿಕೊಂಡರು.

ಇತ್ತೀಚೆಗೆ ಮೊಬೈಲಿನಲ್ಲಿ ಅವರ ಇನ್ನೊಂದು ಹಾಡು ಸಿಕ್ಕಿತು. 1946ರ 'ರಾಣಕದೇವಿ' ಎಂಬ ಗುಜರಾತಿ ಚಿತ್ರದ್ದು. ಗುಜರಾತಿಗಳಿಗೆ ಅದು ಇವತ್ತಿಗೂ ಪ್ರಾಣ. ಒಮ್ಮೆ ನನ್ನ ಊರಿಗೆ ಬಾ ಎಂದು ಕರೆಯುವ ಹಾಡು. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಹಳ್ಳಿಗಳೂ ಮುಳುಗಿವೆ ಎಂಬುದು ಕೇಳುವಾಗ ತಲೆಯಲ್ಲಿತ್ತು. ಅಮ್ಮ ಅಡುಗೆಮನೆಯಿಂದ ಬಂದು ನಿಂತು ಕೇಳಿದಳು. ಭಾಷೆ ತಿಳಿಯದೆ ಅರ್ಥ ಕೇಳಿದಳು. ಹೇಳಿದೆ.

"ನಿಮ್ಮ ದಾದಿಮಾ ಇದನ್ನ ಕೇಳಿದ್ಲೇನು?" ಎಂದಳು ಅಮ್ಮ. ಕೇಳಿರಲಿಲ್ಲ.