ಬೊಂಬೆಗೆ ಜೀವ ತುಂಬುವ ಕೈಗಳು

ಬೊಂಬೆಯೆಂದರೆ ಮಕ್ಕಳ ಆಟದ ಸಾಮಾನು, ಬೊಂಬೆ ಚಿತ್ರವೆಂದರೆ ಮಕ್ಕಳ ಚಿತ್ರ ಎಂಬ ಭಾವನೆ ನಮ್ಮಲ್ಲಿ ಬಹು ಮಂದಿಗಿದೆ. ‘ಸ್ಟಾಪ್ ಮೋಷನ್’ ಎಂದು ಕರೆಯುವ ಈ ಕಲೆ ಕಳೆದ ಮೂರು ದಶಕಗಳಲ್ಲಿ ನಡೆದು ಬಂದ ದಾರಿಯನ್ನು ನೋಡಿದರೆ ಆ ಭಾವನೆ ನಿಲ್ಲಲಾರದು. ಇನ್ನು ಮುಗಿಯಿತು ಎಂದು ಬಲ್ಲವರೇ ಕೈಬಿಟ್ಟಿದ್ದ ಒಂದು ಕೈಕಸುಬನ್ನು ಕೆಲವೇ ನಿರ್ದೇಶಕರು ಹೇಗೆ ಉಳಿಸಿಕೊಂಡರು ಎಂಬುದು ತಿಳಿಯಬೇಕಾದ ಸಂಗತಿ.

ಮೊದಲು ಕೆಲಸದ ಬಗೆಯನ್ನು ನೋಡೋಣ. ಸೂತ್ರದ ಬೊಂಬೆಯನ್ನು ಆಡಿಸುವವನ ಕೈ ದಾರದ ಮೂಲಕ ಕುಣಿಸುತ್ತದೆ. ಇಲ್ಲಿ ದಾರವಿಲ್ಲ. ಕೀಲುಗಳುಳ್ಳ ಲೋಹದ ಎಲುಬುಗೂಡಿಗೆ ಮಿದುಮಣ್ಣು, ರಬ್ಬರು, ಬಟ್ಟೆ ತೊಡಿಸಿ, ಪುಟ್ಟ ರಂಗದ ಮೇಲೆ ನಿಲ್ಲಿಸಿ ಒಂದು ಚಿತ್ರ ತೆಗೆಯುತ್ತಾರೆ. ಕೂದಲೆಳೆಯಷ್ಟು ಕದಲಿಸಿ ಮತ್ತೊಂದು ತೆಗೆಯುತ್ತಾರೆ. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರ, ಒಂದು ನಿಮಿಷಕ್ಕೆ 1,440. ಕಲಾವಿದನೊಬ್ಬ ದಿನವಿಡೀ ದುಡಿದರೆ ದಕ್ಕುವುದು ಕೆಲವೇ ಸೆಕೆಂಡುಗಳ ಚಿತ್ರ. ಈ ತತ್ತ್ವ ನಮ್ಮ ದೇಶಕ್ಕೂ ಹೊಸತಲ್ಲ. ದಾದಾಸಾಹೇಬ ಫಾಲ್ಕೆಯವರು 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಹಣ ಹೊಂದಿಸುವ ಮುನ್ನ, ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ಒಂದೊಂದೇ ಚಿತ್ರವಾಗಿ ತೆಗೆದು ತೋರಿಸಿದ್ದರು.

1993ರಲ್ಲಿ ಈ ಕಲೆಗೆ ಗಂಡಾಂತರ ಬಂತು. ‘ಜುರಾಸಿಕ್ ಪಾರ್ಕ್’ ಚಿತ್ರದ ಪ್ರಾಣಿಗಳನ್ನು ಬೊಂಬೆಗಳಿಂದ ನಡೆಸುವ ಹೊಣೆ ಅಮೆರಿಕದ ಫಿಲ್ ಟಿಪ್ಪೆಟ್ ಅವರದಾಗಿತ್ತು. ಕೆಲಸ ನಡೆದಿರುವಾಗಲೇ ಕಂಪ್ಯೂಟರಿನವರು ತಮ್ಮ ಡೈನೋಸಾರನ್ನು ನಡೆಸಿ ತೋರಿಸಿದರು. ಬೊಂಬೆಗಳು ಮೂಲೆ ಸೇರಿದವು. ಪ್ರಾಣಿಗಳ ನಡಿಗೆಯನ್ನು ಕಂಪ್ಯೂಟರಿನವರಿಗೆ ತಿಳಿಸಿಕೊಡುವ ಕೆಲಸ ಟಿಪ್ಪೆಟ್ ಅವರ ಪಾಲಿಗೆ ಉಳಿಯಿತು.

ಆಶ್ಚರ್ಯವೆಂದರೆ, ಅದೇ ವರ್ಷ ಎರಡು ಬೊಂಬೆ ಚಿತ್ರಗಳು ಹೊರಬಂದವು. ಒಂದು, ಇಂಗ್ಲೆಂಡಿನ ನಿಕ್ ಪಾರ್ಕ್ ಅವರ ‘ದ ರಾಂಗ್ ಟ್ರೌಸರ್ಸ್’. ಚೀಸೆಂದರೆ ಪ್ರಾಣ ಬಿಡುವ ವಾಲೇಸ್, ಅವನ ಜಾಣ ನಾಯಿ ಗ್ರೊಮಿಟ್ ಇದರ ನಾಯಕರು. ಗ್ರೊಮಿಟ್‌ಗೆ ಬಾಯಿಯೇ ಇಲ್ಲ. ಹುಬ್ಬು ಏರಿಸಿ ಇಳಿಸಿಯೇ ಅದು ಎಲ್ಲವನ್ನೂ ಹೇಳುತ್ತದೆ. ಈ ಜೋಡಿಯ ಮೊದಲ ಚಿತ್ರವನ್ನು ಪಾರ್ಕ್ 1982ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿ ಮುಗಿಸಿದ್ದು 1989ರಲ್ಲಿ. ಮಣ್ಣಿನ ಮೇಲೆ ಮೂಡುವ ಬೆರಳಿನ ಗುರುತನ್ನು ಬ್ರಿಸ್ಟಲ್ ನಗರದ ಅವರ ಆರ್ಡ್‌ಮನ್ ಸಂಸ್ಥೆಯವರು ಪೂರ್ತಿ ಅಳಿಸಲು ಹೋಗುವುದಿಲ್ಲ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಮನೆಮಂದಿಯೆಲ್ಲ ಕ್ರಿಸ್‌ಮಸ್ ದಿನಗಳಲ್ಲಿ ಟಿ.ವಿ. ಮುಂದೆ ಕುಳಿತು ನೋಡುವ ಚಿತ್ರಗಳಿವು. ಪೀಟರ್ ಲಾರ್ಡ್ ಅವರೊಡನೆ ಪಾರ್ಕ್ ನಿರ್ದೇಶಿಸಿದ ‘ಚಿಕನ್ ರನ್’ (2000) 22 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು.

ಇನ್ನೊಂದು, ಹೆನ್ರಿ ಸೆಲಿಕ್ ನಿರ್ದೇಶಿಸಿದ ‘ದ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’. ಇದರ ನಾಯಕ ಒಂದು ಅಸ್ಥಿಪಂಜರ; ಅವನ ಮುಖಭಾವಕ್ಕಾಗಿಯೇ ಸುಮಾರು 400 ತಲೆಗಳನ್ನು ಮಾಡಿಟ್ಟಿದ್ದರು. ಮಕ್ಕಳು ಹೆದರಿಯಾರೆಂದು ಡಿಸ್ನಿ ಸಂಸ್ಥೆ ಇದನ್ನು ತನ್ನ ಹೆಸರಿನಲ್ಲಿ ಬಿಡದೆ ಟಚ್‌ಸ್ಟೋನ್ ಎಂಬ ಅಂಗಸಂಸ್ಥೆಯ ಹೆಸರಿನಲ್ಲಿ ಬಿಡುಗಡೆ ಮಾಡಿತು. ಸೆಲಿಕ್ ಅವರ ಶೈಲಿಯೇ ಹಾಗೆ: ಕತ್ತಲೆ, ಭಯ, ಅದರೊಳಗೊಂದು ಸೌಂದರ್ಯ. ಕಣ್ಣಿನ ಜಾಗದಲ್ಲಿ ಗುಂಡಿ ಹೊಲಿದುಕೊಂಡ ‘ಇನ್ನೊಬ್ಬ ತಾಯಿ’ಯ ಕಥೆ ಹೇಳುವ ಅವರ ‘ಕೊರಲೈನ್’ 2009ರಲ್ಲಿ ಬಂತು. 2024ರಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂದಾಗಲೂ ಅದು ಕೋಟಿಗಟ್ಟಲೆ ಡಾಲರ್ ಗಳಿಸಿತು.

ಆಸ್ಟ್ರೇಲಿಯದ ಆಡಮ್ ಎಲಿಯಟ್ ಅವರದು ಮೂರನೆಯ ದಾರಿ. ಮೆಲ್ಬರ್ನಿನ ಒಂಟಿ ಹುಡುಗಿಗೂ ನ್ಯೂಯಾರ್ಕಿನ ಒಂಟಿ ನಡುವಯಸ್ಕನಿಗೂ ಬೆಳೆದ ಪತ್ರಸ್ನೇಹವೇ ಅವರ ‘ಮೇರಿ ಅಂಡ್ ಮ್ಯಾಕ್ಸ್’ (2009). ಕಂದು, ಬೂದು ಬಣ್ಣ; ಡೊಂಕುಡೊಂಕಾದ ಬೊಂಬೆ; ನಗಿಸುತ್ತಲೇ ಗಂಟಲು ಕಟ್ಟಿಸುವ ಮಾತು. ಮಾನಸಿಕ ಬೇನೆ, ಸಾವು, ಒಂಟಿತನ ಇವರ ವಸ್ತು. ಇದು ಕೇವಲ ದೊಡ್ಡವರಿಗಾಗಿ ಮಾಡಿದ ಬೊಂಬೆ ಚಿತ್ರ. ಮುಂದೆ 2022ರಲ್ಲಿ ಗಿಯೆರ್ಮೊ ದೆಲ್ ತೋರೊ, ಮಾರ್ಕ್ ಗುಸ್ತಾಫ್‌ಸನ್ ಅವರೊಡನೆ ‘ಪಿನೋಕಿಯೊ’ ಕಥೆಯನ್ನು ಮುಸ್ಸೊಲಿನಿಯ ಇಟಲಿಯಲ್ಲಿಟ್ಟು ಹೇಳಿದರು. ಎಲ್ಲರೂ ಬೊಂಬೆಯಂತೆ ಕುಣಿಯುವ ಕಾಲದಲ್ಲಿ ಮರದ ಬೊಂಬೆಯೊಂದೇ ಹೇಳಿದಂತೆ ಕೇಳುವುದಿಲ್ಲ. 2023ರಲ್ಲಿ ಅದಕ್ಕೆ ಆಸ್ಕರ್ ಬಂತು.

ಎಲ್ಲ ಕಡೆಯೂ ಜಯವೇ ಆಯಿತೆಂದಲ್ಲ. ಅಮೆರಿಕದ ಲೈಕಾ ಸಂಸ್ಥೆಯ ‘ಮಿಸ್ಸಿಂಗ್ ಲಿಂಕ್’ (2019) ಗೋಲ್ಡನ್ ಗ್ಲೋಬ್ ಪ್ರಶಸ್ತಿ ಪಡೆಯಿತು, ಆದರೆ ಹಾಕಿದ ಹಣದ ಮೂರರಲ್ಲೊಂದು ಪಾಲೂ ಮರಳಲಿಲ್ಲ. ವರ್ಷಗಟ್ಟಲೆ ಕೈಯಿಂದ ದುಡಿದು ಮಾಡಿದ್ದನ್ನು ಹಣ ಕೊಟ್ಟು ನೋಡುವವರಿಲ್ಲದಿದ್ದರೆ ಕಸುಬು ಉಳಿಯುವುದೆಂತು? ಮೂಲೆ ಸೇರಿದ್ದ ಟಿಪ್ಪೆಟ್ ಅವರು ಮಾತ್ರ ಮಾರುಕಟ್ಟೆಯನ್ನು ಕೇಳಲಿಲ್ಲ. ಹಿಂದೆ ಆರಂಭಿಸಿ ಕಟ್ಟಿಟ್ಟಿದ್ದ ಚಿತ್ರವನ್ನು ಇಪ್ಪತ್ತು ವರ್ಷಗಳ ಬಳಿಕ ಹೊರತೆಗೆದು, ಕಸುಬು ಕಲಿಯಬಂದ ತರುಣರನ್ನು ಸೇರಿಸಿಕೊಂಡು ಮುಗಿಸಿದರು. 2021ರಲ್ಲಿ ಬೆಳಕು ಕಂಡ ಆ ‘ಮ್ಯಾಡ್ ಗಾಡ್’ ಭೀಕರ ಚಿತ್ರ, ಮಕ್ಕಳಿಗಂತೂ ಅಲ್ಲ.

ಇಂಥ ತಾಳ್ಮೆ ನಮ್ಮ ನೆಲದಲ್ಲೂ ಇದೆ. ಸುರೇಶ್ ಎರಿಯಾಟ್ ಅವರ ತಂಡ ಮುಂಬಯಿಯಲ್ಲಿ ಎಂಟು ವರ್ಷ ದುಡಿದು ‘ಟೋಕ್ರಿ’ ಎಂಬ ಹದಿನೈದು ನಿಮಿಷದಷ್ಟು ಚಿಕ್ಕ ಚಿತ್ರವನ್ನು 2017ರಲ್ಲಿ ಹೊರತಂದಿತು. ತಂದೆ ಜೋಪಾನವಾಗಿಟ್ಟ ಗಡಿಯಾರ ಮಗಳ ಕೈಯಿಂದ ಒಡೆಯುತ್ತದೆ. ಅದನ್ನು ಸರಿಪಡಿಸಲು ಆಕೆ ಬುಟ್ಟಿ ಮಾರಲು ಬೀದಿಗಿಳಿಯುತ್ತಾಳೆ. ಮಣ್ಣಿನಲ್ಲಿ ಮೂಡಿದ ಆ ಮುಂಬಯಿಯ ಬೀದಿಗಳು ಅಲ್ಲಿ ಬಾಳು ಕಟ್ಟಿಕೊಂಡ ನಮ್ಮವರಿಗೆ ಪರಿಚಿತವೇ.

ಆದ್ದರಿಂದ ನಮ್ಮ ಮನೆಗಳಲ್ಲಿ ಬೊಂಬೆ ಚಿತ್ರ ಹಾಕುವ ಮುನ್ನ ಅದನ್ನು ಮಾಡಿದವರು ಯಾರೆಂದು ನೋಡುವುದು ಒಳ್ಳೆಯದು. ಪಾರ್ಕ್ ಅವರದಾದರೆ ಎಲ್ಲರೂ ಕೂಡಿ ನೋಡಬಹುದು. ‘ಕೊರಲೈನ್’ ಆದರೆ ಮಗುವಿನ ಪಕ್ಕದಲ್ಲಿ ಹಿರಿಯರೊಬ್ಬರಿರಲಿ. ಎಲಿಯಟ್ ಅವರದನ್ನು ಮಕ್ಕಳು ಮಲಗಿದ ಮೇಲೆ ನಾವೇ ನೋಡೋಣ. ‘ಟೋಕ್ರಿ’ಯನ್ನು ನೋಡಿದ ಮಗು ಮರುದಿನ ಹಿಟ್ಟಿನ ಮುದ್ದೆಯನ್ನು ತಿದ್ದಿ ಬೊಂಬೆ ಮಾಡಲು ಕುಳಿತರೆ, ಅಡಿಗೆ ಸ್ವಲ್ಪ ತಡವಾದರೂ ಚಿಂತೆಯಿಲ್ಲ.